ಹಂಚಿನ ಮೇಲಿನ ಹೊತ್ತು

ಆಗ ನನಗೆ ಅರವತ್ತೆರಡು. ಈಗ್ಗೆ ಐದು ವರ್ಷದ ಹಿಂದಿನ ಮಾತು. ಬೈಲಹೊಂಗಲದ ಒಂದು ರೊಟ್ಟಿ ಕೇಂದ್ರದಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ, ನನ್ನ ಜೋಡಿಯವಳು ಬೇಯಿಸುತ್ತಿದ್ದಳು. ಅವಳು ಈಗ ಇಲ್ಲ. ಅವಳ ಕೈಯಿಂದ ಹಂಚಿನ ಕೆಲಸ ಹೇಗೆ ಹೋಯಿತು ಎನ್ನುವುದನ್ನಷ್ಟೇ ಬರೆಯುತ್ತೇನೆ. ನನಗೆ ಓದು ಬರಹ ಕಡಿಮೆ, ಸುತ್ತಿ ಬಳಸಿ ಹೇಳುವುದು ಆಗುವುದಿಲ್ಲ.

ಕೆಲಸ ಹೀಗೆ. ಒಬ್ಬಳು ಬಡಿಯಬೇಕು, ಒಬ್ಬಳು ಬೇಯಿಸಬೇಕು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ, ಉಂಡೆ ಮಾಡಿ, ಹಲಗೆಯ ಮೇಲೆ ಒಣಹಿಟ್ಟು ಉದುರಿಸಿ, ಅಂಗೈಯಲ್ಲಿ ಬಡಿಯುತ್ತ ತಿರುಗಿಸುತ್ತ ಹೋಗುವುದು ನನ್ನ ಪಾಲು. ಬಡಿದದ್ದನ್ನು ಅವಳು ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಹಚ್ಚುತ್ತಿದ್ದಳು. ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಮೊದಲೇ ತಿರುವಿದರೆ ಹಸಿಯಾಗಿ ಹಂಚಿಗೆ ಹತ್ತುತ್ತದೆ. ತಡವಾದರೆ ಮೇಲೆ ಸೀಳು ಬಿಡುತ್ತದೆ, ಕೆಳಗೆ ಕರಕಾಗುತ್ತದೆ. ಆಮೇಲೆ ಇನ್ನೊಂದು ಮಗ್ಗುಲು, ಅರಿವೆಯಿಂದ ಒತ್ತಿದರೆ ಉಬ್ಬಬೇಕು. ಅವಳ ಮುಂದೆ ಎರಡು ಹಂಚು. ಒಂದರಲ್ಲಿ ನೀರು ಆರುತ್ತಿರುವಾಗ ಇನ್ನೊಂದರಲ್ಲಿ ರೊಟ್ಟಿ ಉಬ್ಬುತ್ತಿರುತ್ತದೆ. ಎರಡನ್ನೂ ನೋಡುತ್ತ ಕೂರಲು ಆಗುವುದಿಲ್ಲ. ಹೊತ್ತು ಮೈಯೊಳಗೇ ಇರಬೇಕು. ಅವಳ ಮೈಯಲ್ಲಿ ಅದು ಇತ್ತು. ನನ್ನ ಜೊತೆ ಜಗಳ ಆಡುತ್ತಿರುತ್ತಿದ್ದಳು, ಕಣ್ಣು ಬಾಗಿಲ ಕಡೆ ಇರುತ್ತಿತ್ತು, ಕೈ ಮಾತ್ರ ಆಗಬೇಕಾದಾಗ ಹೋಗಿ ತಿರುವಿ ಬರುತ್ತಿತ್ತು.

ಮಳೆಗಾಲದಲ್ಲಿ ಒಂದು ಖಾನಾವಳಿಯಿಂದ ರೊಟ್ಟಿ ವಾಪಸು ಬಂದವು. ಕೆಲವು ಸುಟ್ಟಿದ್ದವು, ಕೆಲವು ನಡುವೆ ಹಸಿ. ಕೇಂದ್ರದ ಮಾಲಕಿ ನಮಗಿಂತ ಬಹಳ ಚಿಕ್ಕವಳು, ಆದರೂ ಎಲ್ಲರೂ ಅವಳಿಗೆ ಅಕ್ಕಾರ ಎನ್ನುತ್ತಿದ್ದೆವು. ಅವಳು ಆ ರೊಟ್ಟಿಗಳನ್ನು ನಮ್ಮ ಮುಂದೆ ಹರವಿ, ‘ಯಾರ ಹಂಚಿನವು ಇವು?’ ಎಂದು ಕೇಳಿದಳು.

ನನ್ನ ಜೋಡಿಯವಳು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಹೇಳಿದಳು. ‘ಜ್ವಾಳ ಹಳೇದೈತ್ರಿ ಅಕ್ಕಾರ. ಹಿಟ್ಟಿಗೆ ಜಿಗಿನ ಇಲ್ಲ. ಜಿಗಿ ಇಲ್ಲಂದ್ರ ಬೆಂಕಿ ಹೆಂಗ ಹಿಡೀತೈತಿ?’

ನಾವೆಲ್ಲ ಹೌದೌದು ಎಂದೆವು. ರೊಟ್ಟಿ ಕೆಟ್ಟರೆ ನಾವು ಮೊದಲು ಬೈಯುವುದು ಜೋಳವನ್ನು. ಮಾಲಕಿ ಹೊಸ ಜೋಳ ತರಿಸಿದಳು. ರೊಟ್ಟಿ ಮತ್ತೆ ಕೆಟ್ಟವು. ಗಿರಣಿಯವನು ನುಣ್ಣಗೆ ಬೀಸುತ್ತಿಲ್ಲ ಎಂದು ಗಿರಣಿ ಬದಲಾಯಿಸಿದೆವು. ಗ್ಯಾಸಿನ ಒಲೆಯ ಉರಿ ಒಂದೇ ಸಮ ಬರುತ್ತಿಲ್ಲ ಎಂದು ರಿಪೇರಿಯವನು ಬಂದು ಬರ್ನರ್ ಬಿಚ್ಚಿ ತೊಳೆದು ಹೋದ. ಅವಳ ಹಂಚು ತೆಗೆದು ಬೇರೆಯವಳಿಗೆ ಕೊಟ್ಟು, ಬೇರೆಯವಳದನ್ನು ಇವಳಿಗೆ ಕೊಟ್ಟೆವು. ಇವಳ ಹಂಚಿನಲ್ಲಿ ಬೇರೆಯವಳ ರೊಟ್ಟಿ ಹೂವಿನಂತೆ ಬಂದವು. ಇವಳವು ಸುಟ್ಟವು.

ಆಗ ನಾನು ಬಡಿಯುತ್ತಲೇ ಅವಳ ಕೈ ನೋಡತೊಡಗಿದೆ. ರೊಟ್ಟಿ ಹಾಕಿದಳು, ನೀರು ಹಚ್ಚಿದಳು. ನೀರು ಆರಿತು. ಕೈ ಏಳಲಿಲ್ಲ. ಅಂಚು ಮೇಲೆದ್ದು ಹೊಗೆ ಬಂತು.

‘ಏ ಮುದುಕಿ, ಸುಡಾಕ ಹತ್ತೈತಿ, ತಿರುವು’ ಎಂದೆ.

‘ಈಗಿನ್ನ ಹಾಕೇನಲ್ಲ. ನಿಂದೇನ ಅವಸರ? ನಿನ್ನ ಲಗ್ನಕ್ಕ ಹೊಂಟಿಯೇನು?’

ಪಕ್ಕದ ಜೋಡಿಯವರು ನಕ್ಕರು. ನಾನೂ ನಕ್ಕೆ. ಮುಂದಿನ ರೊಟ್ಟಿಯನ್ನು ಅವಳು ಹಾಕಿದ ಕೂಡಲೇ ತಿರುವಿದಳು. ಹಸಿ ಹಿಟ್ಟು ಹಂಚಿಗೆ ಅಂಟಿತು. ಅದನ್ನು ಕೆರೆದು ತೆಗೆಯುವಾಗ ಅವಳ ಬಲಗೈ ಹೆಬ್ಬೆರಳು ತಾನಾಗಿ ಅಲುಗುತ್ತಿರುವುದು ಕಂಡಿತು. ನಾನು ನಗುವುದು ಬಿಟ್ಟೆ.

ಇಂಥದು ನನಗೂ ಒಮ್ಮೆ ಆಗಿತ್ತು. ಮೈ ಕಾದ ಜ್ವರದಲ್ಲಿ ಮನೆಯಲ್ಲಿ ರೊಟ್ಟಿ ಮಾಡಲು ಕುಳಿತು ಎಲ್ಲವನ್ನೂ ಹಸಿ ತೆಗೆದಿದ್ದೆ. ಸಾಕಷ್ಟು ಹೊತ್ತು ಬಿಟ್ಟಿದ್ದೇನೆ ಎಂದೇ ನನಗೆ ಅನಿಸಿತ್ತು. ಮೈ ಬಿಸಿಯಾದಾಗ ಒಳಗಿನ ಹೊತ್ತು ಮುಂದೆ ಓಡುತ್ತದೆ. ಜ್ವರ ಇಳಿದ ಮೇಲೆ ನನ್ನದು ಸರಿಹೋಯಿತು. ಇವಳ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು.

ಅವಳ ಮಗ ಗೂಡ್ಸ್ ಟೆಂಪೊ ಓಡಿಸುತ್ತಿದ್ದ, ಬಾಡಿಗೆಗೆ ದೂರ ಹೋಗಿದ್ದ. ಸೊಸೆಗೆ ಸಣ್ಣ ಕೂಸು. ಹೀಗಾಗಿ ಧಾರವಾಡಕ್ಕೆ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಒಬ್ಬ ಹೆಣ್ಣುಮಗಳು. ಕೈ ಮುಂದೆ ಚಾಚಿಸಿದರು, ನಡೆಸಿದರು, ಬೆರಳು ಮಡಿಸಿ ಬಿಡಿಸಲು ಹೇಳಿದರು. ನಾನು ರೊಟ್ಟಿಯ ವಿಷಯ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿಕೊಂಡರು.

‘ಅಜ್ಜಿ, ಕಣ್ಣ ಮುಚ್ಚರಿ. ಒಂದ ನಿಮಿಷ ಆತು ಅಂತ ಅನಸಿದ ಕೂಡಲೇ ಹೇಳ್ರಿ.’

‘ನಿಮಿಷ ಗಿಮಿಷ ನನಗ ತಿಳಿಯಂಗಿಲ್ರಿ ಬಾಯಾರ. ರೊಟ್ಟಿ ಕೇಳ್ರಿ, ಹೇಳತೇನಿ.’

ಡಾಕ್ಟರು ನಕ್ಕರು. ‘ಆತು, ರೊಟ್ಟೀನ ಹಾಕ್ರಿ. ನೀರ ಆರಿದ ಮ್ಯಾಲ ಹೇಳ್ರಿ.’

ಅವಳು ಕಣ್ಣು ಮುಚ್ಚಿದಳು. ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ಸದ್ದಿಲ್ಲದೆ ಬಡಿಯತೊಡಗಿತು. ಒಂದು ರೊಟ್ಟಿ ಬಡಿದಷ್ಟು ಹೊತ್ತಾಯಿತು. ಅವಳು ಸುಮ್ಮನಿದ್ದಳು. ಇನ್ನೊಂದು ಬಡಿದೆ. ಡಾಕ್ಟರು ಕೈಗಡಿಯಾರ ನೋಡುತ್ತಿದ್ದರು. ಮತ್ತೊಂದಕ್ಕೆ ಕೈ ಹಚ್ಚಿ ಬಿಟ್ಟುಬಿಟ್ಟೆ. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ, ತಪ್ಪುತ್ತಿದ್ದೇನೆ ಎಂಬ ಸುಳಿವೂ ಇರಲಿಲ್ಲ. ಹಂಚಿನ ಮುಂದೆ ಕುಳಿತಾಗ ಇರುವ ಮುಖವೇ ಅದು. ಹೊರಗೆ ಯಾರದೋ ಹೆಸರು ಕೂಗಿದರು, ಯಾರೋ ಎದ್ದು ಹೋದರು.

‘ಆತ ನೋಡ್ರಿ ಈಗ’ ಎಂದು ಕಣ್ಣು ತೆರೆದು, ನನ್ನ ಕಡೆ ತಿರುಗಿದಳು. ‘ಬರೋಬ್ಬರಿ ಐತಿಲ್ಲೋ?’

‘ಇಲ್ಲ. ಸುಟ್ಟ ಬೂದಿ ಆತು’ ಎಂದೆ.

ಡಾಕ್ಟರು ನಮಗೆ ತಿಳಿಯುವಂತೆ ಹೇಳಿದರು. ಮಿದುಳಿನೊಳಗೆ ಒಂದು ರಸ ಊರುತ್ತದಂತೆ, ಅವಳಲ್ಲಿ ಅದು ಬತ್ತುತ್ತ ಬಂದಿತ್ತು. ಕೈ ನಡುಗುವುದು, ಹೆಜ್ಜೆ ಹಿಡಿದುಕೊಳ್ಳುವುದು ಅದರಿಂದಲೇ. ಸಣ್ಣ ಸಣ್ಣ ಹೊತ್ತನ್ನು ಒಳಗೇ ಅಳೆಯುವ ಕೆಲಸಕ್ಕೂ ಅದೇ ರಸ ಬೇಕು. ಅದು ಕಡಿಮೆಯಾದರೆ ಅಳತೆ ಒಮ್ಮೆ ಉದ್ದವಾಗುತ್ತದೆ, ಒಮ್ಮೆ ಗಿಡ್ಡವಾಗುತ್ತದೆ. ಗುಳಿಗೆ ಕೊಟ್ಟರು. ಗುಳಿಗೆಯ ಜೋರು ಇರುವಷ್ಟು ಹೊತ್ತು ಪರವಾಗಿಲ್ಲ, ಇಳಿದರೆ ಮತ್ತೆ ಹಾಗೇ. ಪೂರ್ತಿ ಗುಣವಾಗುವುದಲ್ಲ ಎಂದೂ ಹೇಳಿದರು.

‘ನಡಿಯುವಾಗ ಕಾಲ ಹಿಡಕೊಂಡ್ರ ಬಾಜೂ ನಿಂತ ಚಪ್ಪಾಳಿ ಹೊಡೀರಿ. ಒಳಗಿನ ತಾಳ ತಪ್ಪಿದಾಗ ಹೊರಗಿಂದ ಕೊಟ್ಟರ ಕಾಲ ಏಳತಾವ’ ಎಂದು ನನಗೆ ಹೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ಅದು ಹಾಗೇ ಆಯಿತು. ಬಸ್ಸಿನ ಮೆಟ್ಟಿಲ ಮುಂದೆ ಅವಳ ಕಾಲು ನೆಲಕ್ಕೆ ಹೊಲಿದಂತೆ ನಿಂತುಬಿಟ್ಟಿತು. ಹಿಂದಿನವರು ನೂಕುತ್ತಿದ್ದರು. ಕಂಡಕ್ಟರು ‘ಹತ್ತರಿ ಅವ್ವಾರ, ಏನ ಮುಹೂರ್ತ ನೋಡಾಕ ಹತ್ತೀರೇನು?’ ಎಂದ. ನಾನು ಎರಡು ಕೈ ಸೇರಿಸಿ ಬಡಿದೆ. ಬಡಿದ ಪೆಟ್ಟಿಗೆ ಒಂದು ಕಾಲು ಎದ್ದಿತು, ಮತ್ತೊಂದು ಪೆಟ್ಟಿಗೆ ಇನ್ನೊಂದು ಎದ್ದಿತು. ಹತ್ತಿ ಕುಳಿತಳು.

ಬಸ್ಸು ಧಾರವಾಡ ದಾಟಿತು. ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

‘ನನ್ನನ್ನ ಹಂಚಿನ ಮುಂದಿಂದ ಎಬ್ಬಸಬ್ಯಾಡ್ರಿ ಬೇ.’

‘ಮನ್ಯಾಗ ಸೊಸಿ ಚಲೋ ನೋಡತಾಳಲ್ಲ. ಕುಂತ ಉಣ್ಣು.’

‘ಚಲೋ ನೋಡತಾಳ. ಅಕಿ ಮ್ಯಾಲ ಏನ ಮಾತಿಲ್ಲ. ಆದರ ಮನ್ಯಾಗಿನ ಆ ಹಗ್ಗದ ಹೊರಸಿನ ಮ್ಯಾಲ ಕುಂತ್ರ ಹೊತ್ತ ಸರಿಯೋದ ಇಲ್ಲ. ಹಬ್ಬದ ರಜಾ ಕೊಟ್ಟಾಗ ನೋಡೇನಿ. ಬಿಸಲ ಅಲ್ಲೇ ಇರತೈತಿ, ನಾನೂ ಅಲ್ಲೇ ಇರತೇನಿ. ಮರದಿನ ನೆನಸಿದ್ರ ಅಷ್ಟ ಉದ್ದನ ದಿನದಾಗ ಏನೂ ಇರೂದಿಲ್ಲ, ಖಾಲಿ. ಹಂಚಿನ ಮುಂದ ದಿನ ಹೋಗಿದ್ದ ಗೊತ್ತಾಗಂಗಿಲ್ಲ, ಆದರ ಮರದಿನಾ ನೆನಸಾಕ ಬೇಕಾದಷ್ಟಿರತೈತಿ. ಇನ್ನ ನನ್ನ ಒಳಗ ಅಳತಿನ ಇಲ್ಲಂದ್ರ, ಆ ಹೊರಸಿನ ಮ್ಯಾಲ ಒಂದ ದಿನ ಎಷ್ಟಾಗಬೇಕು?’

ನನ್ನ ಕೈ ಮತ್ತೆ ತೊಡೆಯ ಮೇಲೆ ರೊಟ್ಟಿ ಬಡಿಯತೊಡಗಿತು.

ಮರುದಿನದಿಂದ ನಾನು ಬಡಿಯುವ ಬಗೆ ಬದಲಿಸಿದೆ. ನನ್ನ ಕೈ ವೇಗ, ನೀರು ಆರುವುದಕ್ಕಿಂತ ಮೊದಲೇ ನನ್ನ ರೊಟ್ಟಿ ಮುಗಿಯುತ್ತಿತ್ತು. ಅದಕ್ಕೆ ಒಂದು ಸುತ್ತು ಹೆಚ್ಚು ತಿರುಗಿಸತೊಡಗಿದೆ. ಆಗ ಬಡಿದು ಮುಗಿಯುವುದೂ ಅವಳ ಹಂಚಿನ ನೀರು ಆರುವುದೂ ಕೂಡಿ ಬಂದವು. ಮುಗಿದ ಕೂಡಲೇ ಹಲಗೆಯ ಮೇಲೆ ಬರಿಗೈಯಿಂದ ಎರಡು ಪೆಟ್ಟು ಕೊಡುತ್ತಿದ್ದೆ. ಅದು ತಿರುವಲು. ಅರ್ಧ ಬಡಿದಾಗ ಒಂದು ಪೆಟ್ಟು, ಅದು ಇನ್ನೊಂದು ಹಂಚಿನದನ್ನು ಒತ್ತಿ ಇಳಿಸಲು.

ಮೊದಲ ದಿನ ಕೆಟ್ಟಿತು. ಉಳಿದ ಜೋಡಿಗಳ ಬಡಿತ ನಡುವೆ ಬಂದು ಅವಳಿಗೆ ಗೊಂದಲವಾಯಿತು, ಯಾರದೋ ಪೆಟ್ಟಿಗೆ ಕೈ ಎತ್ತುತ್ತಿದ್ದಳು. ನಮ್ಮ ಹಲಗೆ, ಹಂಚು ಎತ್ತಿಕೊಂಡು ಮೂಲೆಯ ಗೋಡೆಗೆ ಹೋದೆವು. ಅಲ್ಲಿ ಸೆಕೆ ಹೆಚ್ಚು, ಗಾಳಿ ಇಲ್ಲ. ಆದರೆ ನನ್ನ ಸದ್ದು ಗೋಡೆಗೆ ಹೊಡೆದು ಅವಳಿಗೇ ಮೊದಲು ಮುಟ್ಟುತ್ತಿತ್ತು. ಮಧ್ಯಾಹ್ನ ಗುಳಿಗೆಯ ಜೋರು ಇಳಿದ ಮೇಲೆ ಪೆಟ್ಟು ಕೊಟ್ಟರೂ ಕೈ ನಿಧಾನವಾಗುತ್ತಿತ್ತು. ಆಗ ಹಂಚಿಗೆ ನಾನು ಕುಳಿತುಕೊಳ್ಳುತ್ತಿದ್ದೆ. ಅವಳು ಆರಿದ ರೊಟ್ಟಿ ಜೋಡಿಸುತ್ತಿದ್ದಳು.

ಉಳಿದವರಿಗೆ ತಿಳಿಯದೆ ಇರುತ್ತದೆಯೇ? ಒಬ್ಬಳು ಕೇಳಿಯೇಬಿಟ್ಟಳು. ‘ಏನ ಬೇ, ಹಲಗಿ ಬಡದ ಬಡದ ಭಜನಿ ಮಾಡಾಕ ಹತ್ತೀರಿ?’

ನನ್ನ ಜೋಡಿಯವಳೇ ಉತ್ತರ ಕೊಟ್ಟಳು. ‘ಹೌದು, ನಾ ಹಾಡತೇನಿ, ಅಕಿ ತಾಳ ಹಾಕತಾಳ. ನೀ ಬಂದ ಕುಣಿ.’

ಸುಗ್ಗಿಯವರೆಗೆ ಅದು ನಡೆಯಿತು. ಒಂದು ರೊಟ್ಟಿಯೂ ವಾಪಸು ಬರಲಿಲ್ಲ. ಗಾಣದ ಎತ್ತುಗಳ ಹಾಗೆ ನಾವಿಬ್ಬರೂ ಒಂದೇ ನೊಗದಲ್ಲಿ ಸುತ್ತುತ್ತಿದ್ದೆವು. ನಾನು ಕೆಮ್ಮಿದರೆ ಅವಳ ರೊಟ್ಟಿ ಸುಡುತ್ತಿತ್ತು.

ಬೇಸಿಗೆಗೆ ರಾಮದುರ್ಗ, ಸವದತ್ತಿ ಕಡೆಯಿಂದ ಮದುವೆಯ ಆರ್ಡರು ಬರತೊಡಗಿದವು. ಬಡಿಯುವುದಕ್ಕೆ ಹೊಸ ಹೆಂಗಸರು ಸಿಗಲಿಲ್ಲ, ಇದ್ದವರ ಹೆಗಲು ಹೋಗಿದ್ದವು. ಮಾಲಕಿ ಬೆಳಗಾವಿಯಿಂದ ಒಂದು ಮಷಿನ್ ತರಿಸಿದಳು. ಒಂದು ಕಡೆ ಉಂಡೆ ಇಟ್ಟರೆ ಇನ್ನೊಂದು ಕಡೆ ದುಂಡಗೆ ರೊಟ್ಟಿಯಾಗಿ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ರಟ್ಟೆಗೆ ಹಾಯೆನಿಸಿತು. ನನ್ನನ್ನು ಉಂಡೆ ಇಡುವುದಕ್ಕೆ ಹಾಕಿದರು. ಬೇಯಿಸುವವರು ಬೇಯಿಸುವುದಕ್ಕೇ ಉಳಿದರು.

ಮಷಿನ್ ಗರ್ ಎಂದು ಶುರುವಾದರೆ ತಗಡಿನ ಮಾಡು ಪೂರ್ತಿ ನಡುಗುತ್ತಿತ್ತು. ಆ ಸದ್ದಿನಲ್ಲಿ ಬಡಿತ ಇಲ್ಲ, ತುದಿ ಇಲ್ಲ, ಮೊದಲಿಲ್ಲ. ಅವಳು ಮೊದಲ ದಿನವೇ ನನ್ನ ಕಡೆ ತಿರುಗಿ ತಿರುಗಿ ನೋಡಿದಳು. ನಾನು ತಗಡಿನ ಡಬ್ಬಿಯ ಮೇಲೆ ಸೌಟಿನಿಂದ ಹೊಡೆದೆ, ಕೇಳಿಸಲಿಲ್ಲ. ಕೈ ಎತ್ತಿ ತೋರಿಸಿದೆ. ನನ್ನನ್ನು ನೋಡಿದರೆ ಹಂಚು ತಪ್ಪುತ್ತಿತ್ತು, ಹಂಚು ನೋಡಿದರೆ ನಾನು ತಪ್ಪುತ್ತಿದ್ದೆ. ಕೊನೆಗೆ ಅವಳ ಬೆನ್ನ ಹಿಂದೆ ನಿಂತು ಹೆಗಲ ಮೇಲೆ ಬೆರಳಿನಿಂದ ತಟ್ಟತೊಡಗಿದೆ. ಅದು ಸರಿಹೋಯಿತು. ಆದರೆ ಅಷ್ಟೊತ್ತು ಮಷಿನ್ ಖಾಲಿ ತಿರುಗುತ್ತಿತ್ತು.

ಮಾಲಕಿ ನನ್ನನ್ನು ನೀರಿನ ಟಾಕಿಯ ಹತ್ತಿರ ಕರೆದಳು.

‘ಆಯಿ, ಒಂದ ಹಂಚಿಗೆ ಇಬ್ಬರನ್ನ ನಿಂದ್ರಸಾಕ ಆಗಂಗಿಲ್ರಿ ನನಗ. ಅವರಿಗೆ ಕೂತ ಮಾಡೋ ಕೆಲಸ ಕೊಡತೇನಿ, ಕವರ್ ಕಟ್ಟಲಿ. ನೀವ ಹೇಳ್ರಿ. ನನ್ನ ಮಾತ ತಗೊಳ್ಳಂಗಿಲ್ಲ ಅವರು.’

‘ಕವರ್ ಕಟ್ಟಾಕ ಬೆರಳ ನೆಟ್ಟಗ ನಿಂದ್ರಬೇಕಲ್ರಿ ಅಕ್ಕಾರ. ಅದೂ ಆಗಂಗಿಲ್ಲ ಅಕಿಗೆ.’

‘ಮತ್ತ ಏನ ಮಾಡಲಿ ನೀವ ಹೇಳ್ರಿ.’

‘ಎಬ್ಬಸೋದಿದ್ರ ನಿಮ್ಮ ಬಾಯಿಲೇ ಹೇಳ್ರಿ. ನಾ ಹೇಳಂಗಿಲ್ಲ’ ಎಂದು ಬಂದುಬಿಟ್ಟೆ.

ಮಾಲಕಿಯೂ ಹೇಳಲಿಲ್ಲ. ಕೆಟ್ಟವಳಲ್ಲ. ದಿನಾ ಬೆಳಿಗ್ಗೆ ಹೇಳುವವಳಂತೆ ಬಂದು, ಉಂಡಿರೇನು ಎಂದು ಕೇಳಿ ಹೋಗುತ್ತಿದ್ದಳು. ಸುಟ್ಟ ರೊಟ್ಟಿ ಬೇರೆ ಬುಟ್ಟಿಗೆ ಬೀಳುತ್ತಿದ್ದವು. ನನ್ನ ಜೋಡಿಯವಳು ಆ ಬುಟ್ಟಿಯನ್ನು ಕಾಲಿನಿಂದ ಒಲೆಯ ಹಿಂದೆ ಸರಿಸುತ್ತಿದ್ದಳು.

ಒಂದು ದಿನ ಊಟಕ್ಕೆ ಮೊದಲು ನನಗೆ ಸುಟ್ಟ ವಾಸನೆ ಬಂತು. ಹಿಟ್ಟಿನದಲ್ಲ, ಅರಿವೆಯದು. ತಿರುಗಿ ನೋಡಿದರೆ ಹಂಚಿನ ರೊಟ್ಟಿ ಕಪ್ಪಗೆ ಮುದುಡಿತ್ತು. ಅವಳು ಮುಂದಕ್ಕೆ ಬಾಗಿ ಕಾಯುತ್ತಿದ್ದಳು. ಜಾರಿದ ಸೆರಗಿನ ತುದಿ ಹಂಚಿನ ಕೆಳಗಿನ ಉರಿಗೆ ಹೋಗಿ ಕೆಂಪಗೆ ಹೊತ್ತಿಕೊಳ್ಳುತ್ತಿತ್ತು. ಓಡಿ ಹೋಗಿ ಸೆರಗು ಎಳೆದು ನೀರಿನ ಪಾತ್ರೆಗೆ ಅದ್ದಿದೆ. ಮೈಗೆ ಮುಟ್ಟಿರಲಿಲ್ಲ. ಯಾರೋ ಮಷಿನ್ ಬಂದ್ ಮಾಡಿದರು.

ಅವಳು ನನ್ನನ್ನೇ ನೋಡುತ್ತಿದ್ದಳು. ‘ಯಾಕ? ಈಗಿನ್ನ ಹಾಕೇನಿ.’

ಆ ಮುಖ ನೋಡಿದಾಗ ನನಗೆ ತಿಳಿಯಿತು. ಮಾಲಕಿ ಹೇಳುವುದಿಲ್ಲ. ಇವಳಿಗೆ ತಾನಾಗಿ ಗೊತ್ತಾಗುವುದಿಲ್ಲ. ಸೀರೆಯೆಲ್ಲ ಹೊತ್ತಿಕೊಂಡರೂ ಇವಳ ಒಳಗೆ ಇನ್ನೂ ಈಗ ಹಾಕಿದ ರೊಟ್ಟಿಯೇ ಇರುತ್ತದೆ. ನಾನು ಬಗ್ಗಿ ಅವಳ ಎರಡೂ ಹಂಚಿನ ಗ್ಯಾಸು ಬಂದ್ ಮಾಡಿದೆ.

‘ಏಳು.’

‘ಅಕ್ಕಾರ ಹೇಳ್ಯಾರೇನು?’

‘ಇಲ್ಲ. ನಾ ಹೇಳಾಕ ಹತ್ತೇನಿ.’

‘ನೀ ಹೆಗಲ ತಟ್ಟಿದ್ರ ಬರತೈತಲ್ಲ ಬೇ.’

‘ತಟ್ಟಾಕ ನಾ ಯಾವಾಗಲೂ ಇರೂದಿಲ್ಲ. ಸುಟಗೊಂಡ ಸಾಯತಿ. ಏಳು.’

‘ಇದೊಂದ ಲಗ್ನದ ಆರ್ಡರ್ ಮುಗೀಲಿ.’

‘ಇಲ್ಲ.’

ಅಷ್ಟೂ ಹೆಂಗಸರ ನಡುವೆ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಂಚಿನ ಮೇಲಿನ ಕರಕನ್ನು ತೆಗೆದು, ಹಂಚು ಒರೆಸಿ, ಅರಿವೆ ಹಿಂಡಿ ನೀರಿನ ಪಾತ್ರೆಯ ಅಂಚಿಗೆ ಹಾಕಿದಳು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಮಾಲಕಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೊಸ್ತಿಲಲ್ಲಿ ಅವಳ ಕಾಲು ನಿಂತವು. ನಾನು ಚಪ್ಪಾಳೆ ಹೊಡೆದೆ. ಏಳಲಿಲ್ಲ. ಮತ್ತೆ ಹೊಡೆದೆ. ಅವಳು ನನ್ನ ಕಡೆ ನೋಡದೆ ‘ತಡೀ ಬೇ’ ಎಂದಳು. ತಡೆದೆ. ಆಮೇಲೆ ತಾನೇ ದಾಟಿದಳು. ನಮ್ಮ ಓಣಿ ಕೇಂದ್ರದಿಂದ ದೂರವಿಲ್ಲ. ಅವತ್ತು ದಾರಿ ಮುಗಿಯಲೇ ಇಲ್ಲ. ರೋಗ ಅವಳಿಗೆ ಇತ್ತು, ಆದರೆ ಆ ದಾರಿ ನನಗೂ ಅಷ್ಟೇ ಉದ್ದವಾಯಿತು. ಸೊಸೆ ಚಹಾ ಮಾಡಿದಳು. ಅವಳು ಹೊರಸಿನ ಮೇಲೆ ಕುಳಿತಳು. ನಾನು ಚಹಾ ಕುಡಿದು ತಿರುಗಿ ಕೆಲಸಕ್ಕೆ ಬಂದೆ, ಆರ್ಡರು ಬಾಕಿ ಇತ್ತು.

ಮರುದಿನ ಬೆಳಿಗ್ಗೆ ನಾನು ಎಂದಿನ ಹೊತ್ತಿಗೆ ಮನೆ ಬಿಟ್ಟೆ. ಅವಳ ಮನೆಯ ಮುಂದಿನಿಂದಲೇ ಹೋಗಬೇಕು. ನೋಡದೆ ಹೋಗಬೇಕು ಎಂದುಕೊಂಡಿದ್ದೆ. ಅವಳು ಕಟ್ಟೆಯ ಮೇಲೆ ಕುಳಿತಿದ್ದಳು. ಮೈ ತೊಳೆದು, ತಲೆ ಬಾಚಿ, ಕೆಲಸದ ಹಳೆಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ತಯಾರಾಗಿದ್ದಳು. ಪಕ್ಕದಲ್ಲಿ ಬುತ್ತಿಯ ಗಂಟೂ ಇತ್ತು.

ನಿನ್ನೆಯದನ್ನು ಮರೆತಿದ್ದಾಳೆ ಎಂದುಕೊಂಡೆ. ಮತ್ತೆ ಹೇಳಬೇಕೇ?

‘ಏನೂ ಹೇಳಬ್ಯಾಡ. ನನಗ ಗೊತ್ತೈತಿ’ ಎಂದಳು ಅವಳೇ. ‘ಮೈಗೆ ಗೊತ್ತಿಲ್ಲ. ದಿನಾ ಏಳೋ ಹೊತ್ತಿಗೆ ಎದ್ದ ಬಿಡ್ತು. ಎದ್ದ ಮ್ಯಾಲ ಜಳಕಾ ಮಾಡಬೇಕಲ್ಲ. ಮಾಡಿದೆ. ಬುತ್ತಿ ಸೊಸಿ ಕಟ್ಯಾಳ, ಅಕಿ ಕೈಗೂ ರೂಢಿ ಬಿದ್ದೈತಿ.’

ಒಂದು ರೊಟ್ಟಿಯಷ್ಟು ಹೊತ್ತು ಅವಳ ಒಳಗೆ ಉಳಿದಿರಲಿಲ್ಲ. ಬೆಳಗು ಮಾತ್ರ ಹಾಗೇ ಉಳಿದಿತ್ತು. ಅವೆರಡೂ ಮೈಯಲ್ಲಿ ಬೇರೆ ಬೇರೆ ಕಡೆ ಇರುತ್ತವೆ ಎಂದು ನನಗೆ ಆಗ ತಿಳಿಯಿತು. ಎರಡೂ ಒಟ್ಟಿಗೆ ಹೋಗಿದ್ದರೆ ಅವಳಿಗೆ ಒಳ್ಳೆಯದಿತ್ತು.

ನಾನು ಅವಳ ಪಕ್ಕ ಕಟ್ಟೆಯ ಮೇಲೆ ಕುಳಿತೆ. ಕುಳಿತು ಸೆರಗು ಸರಿ ಮಾಡಿಕೊಂಡೆ, ಅಷ್ಟೇ. ನಾನು ಕೂರುವಾಗ ಎದುರು ಮನೆಯವಳು ಅಂಗಳಕ್ಕೆ ನೀರು ಹಾಕಲು ಕೊಡ ಎತ್ತಿದ್ದಳು, ಇನ್ನೂ ಸುರಿದಿರಲಿಲ್ಲ.

ಅವಳು ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ‘ಏಳ ಬೇ, ಎಷ್ಟೊತ್ತ ಕುಂದ್ರತಿ ನನ್ನ ಬಾಜೂಕ? ನಿನಗ ತಡಾ ಆತು.’

‘ಹೌದು, ತಡಾ ಆತು’ ಎಂದೆ. ಎದ್ದು ಕೆಲಸಕ್ಕೆ ಹೋದೆ.